ಪ್ರೆಸ್‌ಮಡ್ ಗ್ಯಾಸಿನ ಸರ್ಟಿಫಿಕೇಟ್ ಜರ್ಮನಿಗೆ ಮಾರಾಕ ಬರತೈತೇನ್ರಿ?

ಮುಧೋಳದವ:
ಸಕ್ಕರಿ ಕಾರ್ಖಾನೆ ಪ್ರೆಸ್‌ಮಡ್‌ನಿಂದ (ಕಬ್ಬಿನ ಹಾಲು ಸೋಸಿದ ಮ್ಯಾಲೆ ಉಳಿಯೂ ಗಸಿ) ದಿನಕ್ಕ 10 ಟನ್ ಸಿಬಿಜಿ, ಅಂದ್ರ ಒತ್ತಿ ತುಂಬಿದ ಜೈವಿಕ ಅನಿಲ. ಗ್ಯಾಸ್ ಸರ್ಕಾರದ ಸಿಬಿಜಿ ಖರೀದಿ ಯೋಜನೆ ‘ಸತತ್’ನಾಗ ಆಯಿಲ್ ಕಂಪನಿಗೆ ಹೊಂಟೈತಿ. ‘ಗ್ಯಾಸ್ ಇಲ್ಲೇ ಮಾರ್ರಿ, ಗ್ರೀನ್ ಸರ್ಟಿಫಿಕೇಟ್ ಅಷ್ಟ ಜರ್ಮನಿಗೆ ಮಾರೂಣು’ ಅಂತ ಏಜೆಂಟ್ ಒಬ್ಬಾಂವ ಮುಂಗಡ ಕೇಳಾಕತ್ತಾನ. ಆಗೂ ಮಾತೇನ್ರಿ? ಟನ್ನಿಗೆ ಎಷ್ಟು ಸರ್ಟಿಫಿಕೇಟ್ ಬರತಾವ?

ಬೆಳಗಾವಿ ಗ್ಯಾಸ್:
ರೊಕ್ಕ ಕೊಡಬ್ಯಾಡ್ರಿ. ಏಜೆಂಟ್ ಹೇಳೂ ಸರ್ಟಿಫಿಕೇಟ್ ಅಂದ್ರ ‘ಗ್ಯಾರಂಟಿ ಆಫ್ ಒರಿಜಿನ್’, ಇಂಧನ ಹಸಿರು ಮೂಲದ್ದು ಅನ್ನೂ ಪತ್ರ. ಅದು ನಡಿಯೂದು ಯುರೋಪಿಯನ್ ಒಕ್ಕೂಟದ 2018ರ ನವೀಕರಿಸಬಹುದಾದ ಇಂಧನ ನಿರ್ದೇಶನದ 19ನೇ ಕಲಮಿನ ಮ್ಯಾಲೆ. ಹೊರಗಿನ ದೇಶದ ಗ್ಯಾರಂಟಿ ಒಪ್ಪಬೇಕಂದ್ರ ಒಕ್ಕೂಟದ ಜೋಡಿ ಪರಸ್ಪರ ಮಾನ್ಯತೆಯ ಒಪ್ಪಂದ ಇರಬೇಕು, ಇಂಧನಾನೂ ನೇರ ಆಮದು-ರಫ್ತು ಆಗತಿರಬೇಕು. ನಮಗ ಎರಡೂ ಇಲ್ಲ. ದಾಭೋಳ–ಬೆಂಗಳೂರು ಪೈಪ್‌ಲೈನ್ ಬೆಳಗಾವಿ ದಾಟತೈತಿ ಖರೆ, ಯುರೋಪಿನ ರಾಟರ್‌ಡ್ಯಾಮ್ ಬಂದರ ಮುಟ್ಟೂದಿಲ್ಲ! ಸಮುದ್ರದಡಿ ಪೈಪ್ ಇದ್ದ ಬ್ರಿಟನ್ನಿನ ಗ್ಯಾರಂಟಿನೂ ಒಕ್ಕೂಟ ಬಿಟ್ಟ ಮ್ಯಾಲೆ, 2021ರಿಂದ, ಅಲ್ಲಿ ಮಾನ್ಯ ಇಲ್ಲ.

ಅಲ್ಲಿ ಆಗೂದು ಹಿಂಗ: ಡೆನ್ಮಾರ್ಕಿನ ಪ್ಲ್ಯಾಂಟ್ 1 ಮೆಗಾವ್ಯಾಟ್ ಅವರ್ (ಶಕ್ತಿಯ ಅಳತೆ) ಗ್ಯಾಸ್ ಗ್ರಿಡ್ಡಿಗೆ ಬಿಟ್ಟರ ಅಲ್ಲಿನ ಸರ್ಕಾರಿ ಗ್ರಿಡ್ ಕಂಪನಿ ಎನರ್ಜಿನೆಟ್ 1 ಗ್ಯಾರಂಟಿ ಕೊಡತೈತಿ. ಬ್ಯಾರೆ ದೇಶಕ್ಕ ಹೋಗಬೇಕಾದ್ರ ಗ್ಯಾರಂಟಿ ವರ್ಗ ಮಾಡೂ ಯುರೋಪಿನ ಸಂಸ್ಥೆಗಳಾದ ಎಐಬಿ ಅಥವಾ ಎರ್ಗಾರ್ ಹಬ್ ಮೂಲಕ. ಒಂದು ಖಾತೆದಾಗ ತಗದ ಮ್ಯಾಲೇನ ಇನ್ನೊಂದರಾಗ ಜಮಾ. ಗ್ಯಾಸ್ ತಯಾರಾಗಿ 12 ತಿಂಗಳ ಒಳಗ ವರ್ಗ ಆಗಬೇಕು, 18 ತಿಂಗಳಿಗೆ ಸತ್ತಂಗ. ಹಳೇ ದಾಸ್ತಾನು ಅಗ್ಗಕ್ಕ ಸಿಗೂದು ಅದಕ್ಕ.

ವಿಜಯಪುರದಿಂದ:
ಏಜೆಂಟರು ಎರಡು ಕಾಗದ ಕಲಸಿ ಹೇಳುತ್ತಾರೆ, ಎಚ್ಚರ. ಗ್ಯಾರಂಟಿಯನ್ನು ಗ್ಯಾಸಿನಿಂದ ಬಿಡಿಸಿ ಮಾರಬಹುದು. ಗ್ಯಾಸ್ ಸುಸ್ಥಿರ ನಿಯಮದಂತೆ ತಯಾರಾಗಿದೆ ಅನ್ನುವ ‘ಪ್ರೂಫ್ ಆಫ್ ಸಸ್ಟೇನಬಿಲಿಟಿ’ ಹಾಗಲ್ಲ. ಅದು ಮಾಸ್ ಬ್ಯಾಲೆನ್ಸ್ ಲೆಕ್ಕದಲ್ಲಿ (ಒಳಗೆ ಬಂದಷ್ಟೇ ಹೊರಗೆ ಹೋಯಿತೆಂದು ತೋರಿಸುವ ಲೆಕ್ಕ) ಗ್ಯಾಸಿನ ಜೊತೆಗೇ ಹೋಗಬೇಕು. ಕಾಗದ ಹಡಗು ಹತ್ತಬೇಕಾದರೆ ಗ್ಯಾಸೂ ಹತ್ತಬೇಕು.

ಟನ್ನಿನ ಲೆಕ್ಕ: ಜೈವಿಕ ಅನಿಲದ ಭಾರತೀಯ ಮಾನಕ ಐಎಸ್ 16087 ಕೇಳುವ ಕನಿಷ್ಠ 90% ಮೀಥೇನ್ ಗಾತ್ರದ್ದು, ತೂಕದ್ದಲ್ಲ. ಗಾತ್ರದಲ್ಲಿ 95% ಇದ್ದು ಉಳಿದದ್ದು ಇಂಗಾಲದ ಡೈಆಕ್ಸೈಡ್ ಆದರೆ ತೂಕದಲ್ಲಿ ಮೀಥೇನ್ ಸುಮಾರು 87%. ಕೆಳ ಉಷ್ಣಮೌಲ್ಯ (ಉರಿದಾಗ ಹುಟ್ಟುವ ನೀರಾವಿಯ ಶಾಖ ಬಿಟ್ಟ ಲೆಕ್ಕ) ಹಿಡಿದರೆ ಟನ್ನಿಗೆ ಸುಮಾರು 12.1 ಮೆಗಾವ್ಯಾಟ್ ಅವರ್, ಆ ಶಾಖವೂ ಸೇರಿದ ಮೇಲಿನದು ಹಿಡಿದರೆ 13.4. ನಿಮ್ಮ 10 ಟನ್ನಿಗೇ ದಿನಕ್ಕೆ ಸುಮಾರು 13 ಮೆಗಾವ್ಯಾಟ್ ಅವರ್ ಫರಕು. ಯಾವ ಮೌಲ್ಯ ಅಂತ ಕೇಳದೆ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ.

ಮುಧೋಳದವ:
ಹಂಗಾದ್ರ ಇಲ್ಲೇ ಯಾರಿಗರ ಬ್ಯಾರೆ ಮಾರಬಹುದಾ?

ಬೆಳಗಾವಿ ಗ್ಯಾಸ್:
ಮೊದಲ ಆಯಿಲ್ ಕಂಪನಿ ಕರಾರಿನಾಗ ಹಸಿರು ಹಕ್ಕು (ಗ್ಯಾಸ್ ಹಸಿರು ಅಂತ ಹೇಳಿಕೊಳ್ಳೂ ಹಕ್ಕು) ಯಾರದಂತ ನೋಡ್ರಿ. ನಗರ ಗ್ಯಾಸ್ ಕಂಪನಿಗಳಿಗೆ ಸಿಬಿಜಿ ಬೆರಸೂ ಬಾಧ್ಯತೆ 2025-26ಕ್ಕ 1%, 2028-29ರಿಂದ 5%. ನಿಮ್ಮ ಗ್ಯಾಸ್ ಆ ಲೆಕ್ಕದಾಗ ಹೋಗಿದ್ರ ಅದನ್ನ ಇನ್ನೊಬ್ಬರಿಗೆ ಮಾರೂದು ಎರಡು ಸಲ ಎಣಿಸಿದಂಗ. ಪ್ರೆಸ್‌ಮಡ್ ಲಾರಿಯ ವೇಬ್ರಿಜ್ ಚೀಟಿ, ಮೀಥೇನ್ ರಿಪೋರ್ಟ್, ಕ್ಯಾಸ್ಕೇಡ್ (ಗ್ಯಾಸ್ ಸಾಗಿಸೂ ಸಿಲಿಂಡರ್ ಸಾಲು) ತುಂಬಿದ ತೂಕ, ಮೂರೂ ತಾರೀಖಿನ ಪ್ರಕಾರ ಫೈಲ್ ಮಾಡಿ ಇಡ್ರಿ. ಆಡಿಟರ್ ಯಾವ ದೇಶದಾಂವ ಬಂದ್ರೂ ಮೊದಲ ಕೇಳೂದು ಲಾರಿ ಚೀಟಿ.