10,000 ಕಿಲೋಹರ್ಟ್ಸ್‌ನ ಟಿಕ್ ಟಿಕ್: ಟೈಮ್ ಸಿಗ್ನಲ್ಲೋ, ಸೋಲಾರ್ ಬೇಲಿಯೋ?

ಪ್ರಶ್ನೆ (ತೀರ್ಥಹಳ್ಳಿ)
ಟೆಕ್ಸನ್ ಪಿಎಲ್-330 ಶಾರ್ಟ್‌ವೇವ್ ರೇಡಿಯೋ ಸೆಟ್ಟಿಗೆ ತೋಟದಲ್ಲಿ 10 ಮೀಟರ್ ವೈರ್ ಎಳೆದಿದ್ದೇನೆ. ರಾತ್ರಿ 8ರ ಮೇಲೆ 10,000 ಕಿಲೋಹರ್ಟ್ಸ್‌ನಲ್ಲಿ ಟಿಕ್ ಟಿಕ್ ಬರುತ್ತೆ. 9,700ಕ್ಕೆ ಬಂದರೂ ನಿಲ್ಲಲ್ಲ. ಇದು ನಿಖರ ಸಮಯ ಸಾರುವ ಸ್ಟೇಷನ್ನಿನ ಟೈಮ್ ಸಿಗ್ನಲ್ಲಾ, ಪಕ್ಕದ ತೋಟದ ಸೋಲಾರ್ ಬೇಲಿಯದ್ದಾ? ಪತ್ತೆ ಹಚ್ಚೋದು ಹೇಗೆ?

ಉತ್ತರ (ಸಾಗರ)
ಎರಡೂ ಒಟ್ಟಿಗೆ ಬರ್ತಿರಬಹುದು. 9,700ರಲ್ಲಿ ಕೇಳೋದು ಬೇಲಿಯದ್ದೇ ಅನ್ಸುತ್ತೆ, ಅದರ ತಂತಿಯ ಕರೆಂಟ್ ಪಲ್ಸ್ (ಹೊಡೆತ) ಡಯಲ್ ಪೂರ್ತಿ ಹರಡಿರುತ್ತೆ. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. ಟೈಮ್ ಸಿಗ್ನಲ್ ಆದರೆ ಸೆಕೆಂಡಿಗೊಂದು ಟಿಕ್. ಬೇಲಿ ಮೆಷಿನ್ ಎರಡು ಹೊಡೆತದ ನಡುವೆ ಸೆಕೆಂಡಿಗಿಂತ ತುಸು ಹೆಚ್ಚು ಬಿಡುತ್ತೆ, 60 ಮುಟ್ಟಲ್ಲ.

ಆ ಹೊತ್ತಿಗೆ ನಮ್ಮ ಕಡೆ 10,000ದಲ್ಲಿ ಹೆಚ್ಚಾಗಿ ಸಿಗೋದು ಚೀನಾದ ಟೈಮ್ ಸಿಗ್ನಲ್ ಸ್ಟೇಷನ್ ಬಿಪಿಎಂ. 29 ಮತ್ತು 59ನೇ ನಿಮಿಷಕ್ಕೆ ಕಿವಿ ಕೊಡಿ. ಟಿಕ್ ನಿಂತು ಬಿ, ಪಿ, ಎಂ ಅಕ್ಷರಗಳ ಮೋರ್ಸ್ ಸಂಕೇತ (ಡಾ ಅಂದರೆ ಉದ್ದ, ಡಿ ಅಂದರೆ ಗಿಡ್ಡ ಸದ್ದು) ಬರುತ್ತೆ: ಡಾ ಡಿ ಡಿ ಡಿ, ಡಿ ಡಾ ಡಾ ಡಿ, ಡಾ ಡಾ. ಹಿಂದೆಯೇ ಚೀನೀ ಭಾಷೆಯಲ್ಲಿ ಹೆಣ್ಣು ದನಿ. ಯುಟಿಸಿಗೂ (ಜಾಗತಿಕ ಪ್ರಮಾಣಿತ ಸಮಯ) ನಮಗೂ ಐದೂವರೆ ಗಂಟೆ ಅಂತರ ಆದ್ದರಿಂದ ನಮ್ಮ ಗಡಿಯಾರದಲ್ಲೂ ಅವೇ ನಿಮಿಷಗಳು.

ಉತ್ತರ (ಕೊಪ್ಪ)
ಬೇಲಿಯ ಗಲಾಟೆಗೆ ಮೂಲ ಸಾಮಾನ್ಯವಾಗಿ ಮೆಷಿನ್ ಅಲ್ಲ, ಸ್ಪಾರ್ಕ್. ತಂತಿಗೆ ತಾಗಿದ ಹುಲ್ಲು, ಒಡೆದ ಇನ್ಸುಲೇಟರ್, ಸುಮ್ಮನೆ ತಿರುಚಿದ ಜಾಯಿಂಟ್, ಈ ಮೂರನ್ನು ಮೊದಲು ನೋಡಿ. ಪಾಕೆಟ್ ರೇಡಿಯೋವನ್ನು ಮೀಡಿಯಂ ವೇವ್‌ನ ಖಾಲಿ ಜಾಗಕ್ಕಿಟ್ಟು ಬೇಲಿಗುಂಟ ನಡೆಯಿರಿ, ಟಿಕ್ ಜೋರಾದಲ್ಲಿ ನಿಲ್ಲಿ. ಕತ್ತಲಲ್ಲಿ ನೀಲಿ ಕಿಡಿಯೂ ಕಾಣಬಹುದು. ಮೆಷಿನ್ ಆಫ್ ಮಾಡಿಸದೆ ಕೈ ಹಾಕಬೇಡಿ ಮಾರಾಯ್ರೆ. ಮಳೆಗಾಲದಲ್ಲಿ ಹುಲ್ಲು ವಾರದೊಳಗೇ ಮತ್ತೆ ತಾಗುತ್ತೆ, ಸವರುತ್ತಲೇ ಇರಬೇಕು.

ನಿಮ್ಮ ವೈರ್ ಬೇಲಿಗೆ ಸಮಾನಾಂತರವಾಗಿದ್ದರೆ ಅಡ್ಡಕ್ಕೆ ತಿರುಗಿಸಿ. ಅಡಿಕೆ ಮರಕ್ಕೆ ಬಿಗಿದು ಕಟ್ಟಿದರೆ ಗಾಳಿಗೆ ಮರ ತೂಗಿ ವೈರ್ ಹರಿಯುತ್ತೆ. ಒಂದು ತುದಿಗೆ ರಾಟೆ ಹಾಕಿ, ಹಗ್ಗದ ಕೊನೆಗೆ ಕಲ್ಲು ತೂಗಿಬಿಡಿ. ಗುಡುಗು ಕೇಳುವ ಮೊದಲೇ ವೈರನ್ನು ಸೆಟ್ಟಿನಿಂದ ಬಿಡಿಸಿ ಹೊರಗಿಟ್ಟಿರಬೇಕು.

ಉತ್ತರ (ಸಾಗರ)
ಗಲಾಟೆ ಇಳಿದ ಮೇಲೆ ರೇಡಿಯೋವನ್ನು ಯುಎಸ್‌ಬಿ ಮೋಡ್‌ಗೆ (ಅಪ್ಪರ್ ಸೈಡ್‌ಬ್ಯಾಂಡ್, ಚಾರ್ಜಿಂಗ್ ಯುಎಸ್‌ಬಿ ಅಲ್ಲ) ಹಾಕಿ 6,676 ಹಿಡಿಯಿರಿ. 25 ಮತ್ತು 55ನೇ ನಿಮಿಷಕ್ಕೆ ಮುಂಬೈ ವೋಲ್ಮೆಟ್, ವಿಮಾನಗಳಿಗೆ ಹವಾಮಾನ ಓದುತ್ತಾರೆ. ಮಾಮೂಲಿ ಎಎಂ ಮೋಡ್‌ನಲ್ಲಿ ಅದು ಬಾತುಕೋಳಿ ಕೂಗಿದ ಹಾಗೆ ಕೇಳಿ ಏನೂ ತಿಳಿಯಲ್ಲ. ತಡರಾತ್ರಿ 4,625ರಲ್ಲಿ ರಷ್ಯಾದ ಬಝರ್ (ಬಝ್ ಬಝ್ ಅನ್ನುತ್ತಲೇ ಇರುವ ಸ್ಟೇಷನ್) ಹುಡುಕಿ. ಬೇಲಿಯ ಸದ್ದು ಉಳಿದಿದ್ದರೆ ಅದು ಮುಚ್ಚಿಹೋಗುತ್ತೆ.

ಪ್ರಶ್ನಿಸಿದವರು
ಎಣಿಸಿದೆ. 9,700ರಲ್ಲಿ 51. ಈಗ 10,000ದಲ್ಲಿ 59ನೇ ನಿಮಿಷಕ್ಕೆ ಡಾ ಡಿ ಡಿ ಡಿ ಬಂತು!