ಹಳೇ ವಾಡೆಯ ಮಾಳಿಗೆ ಸೋರತೈತಿ: ಸ್ಲ್ಯಾಬ್ ಹಾಕಿಸೋದಾ, ಮೇಲ್ಮುದ್ದೆ (ಮಣ್ಣಿನ ಚಾವಣಿ) ಉಳಿಸೋದಾ?

ಪ್ರಶ್ನೆ
ಬಾಗಲಕೋಟೆ ತಾಲೂಕು. ಊರಾಗ ಎಲ್ಲಕ್ಕಿಂತ ಹಳೇ ವಾಡೆ, ಪೇಶ್ವೆ ಕಾಲದ್ದು ಅಂತಾರೆ. ಕಲ್ಲು-ಮಣ್ಣಿನ ಗೋಡೆ, ಸಾಗವಾನಿ ಕಂಬ, ಮಣ್ಣಿನ ಮಾಳಿಗೆ. ಪಡಸಾಲಿಯ ತೊಲೆ ಬಾಗೈತಿ, ಮಳಿಗಾಲಕ್ಕೆ ಸೋರತೈತಿ. ಗುತ್ತಿಗೆದಾರ ಮೇಲೆ 4 ಇಂಚು ಕಾಂಕ್ರೀಟ್, ಗೋಡೆಗೆ ಸಿಮೆಂಟ್ ಗಿಲಾವು ಅಂತಾನೆ. ಸರಿನಾ? ಮನೆಯ ಕಾಲ ಗೊತ್ತು ಮಾಡೋದು ಹೆಂಗ?

ಮಾಳಿಗೆಮನಿ
ದಯವಿಟ್ಟು ಕಾಂಕ್ರೀಟ್ ಬ್ಯಾಡ್ರಿ. ಒಂದಡಿ ಮಣ್ಣೇ ಚದರ ಅಡಿಗೆ 45–50 ಕೆ.ಜಿ. ಭಾರ, ಅದರ ಮೇಲೆ ಇನ್ನೂ 22 ಕೆ.ಜಿ. ಹೊರಿಸಿದಂಗಾತು. ಮಿರಗದ ಮಳಿಗೆ ಮೊದಲು ವರ್ಷಾ ಹಾಳಮಣ್ಣು (ಉಪ್ಪಿನಂಶದ ಜೇಡಿಮಣ್ಣು) ಹಾಕತಾರೆ, ಹಳೇದನ್ನ ಯಾರೂ ಕೆರೆಯೂದಿಲ್ಲ. ತೊಲೆ ಬಾಗೋದು ಬಹಳ ಸಲ ಇದರಿಂದನ.

ಬ್ಯಾಸಗ್ಯಾಗ ಕೆಲಸ ಹಿಡೀರಿ. ಮೊದಲು ತೊಲೆಯ ಕೆಳಗೆ ಆಸರೆ ಕೊಡ್ರಿ, ಆಮ್ಯಾಗ ಮಣ್ಣು ಇಳಸ್ರಿ. ಇಳಿಸಿದ ಮಣ್ಣನ್ನ ಮಾಳಿಗಿ ಮ್ಯಾಲೇ ಗುಡ್ಡಿ ಹಾಕಬ್ಯಾಡ್ರಿ. ತೊಲೆ ಮೊದಲು ಕೊಳೆಯೋದು ಗೋಡೆಯೊಳಗೆ ಹೊಕ್ಕ ತುದಿ. ದಬ್ಬಣ ಚುಚ್ಚಿ ನೋಡ್ರಿ. ಅರ್ಧ ಇಂಚಿಗಿಂತ ಸಲೀಸಾಗಿ ಒಳಗೆ ಹೋದ್ರೆ ಆ ಭಾಗ ಕತ್ತರಿಸಿ ಹೊಸ ಸಾಗವಾನಿ ಜೋಡಿಸಬೇಕು. ಆಮ್ಯಾಗ ತೊಲೆ ಮ್ಯಾಲೆ ಕೆಳಗಿಂದ ಮೇಲಕ್ಕೆ ಹಿಂಗ ಹಾಕ್ರಿ: ಜಂತಿ (ಸಣ್ಣ ಅಡ್ಡಮರ), ಹಲಗೆ, ಬೇವಿನ ತಪ್ಪಲು, ಹುಲ್ಲು ಕಲಸಿದ ಮಣ್ಣು 6 ಇಂಚು, ಮೇಲೆ 2 ಇಂಚು ಹಾಳಮಣ್ಣು. ಅದರಾಗಿನ ಉಪ್ಪು ಜೇಡಿಯ ಕಣ ಬಿಡಿಸಿ ಸಂದು ಮುಚ್ಚತೈತಿ, ನೀರು ಇಳಿಯೂದಿಲ್ಲ. ಮೂರಡಿಗೆ ಒಂದಿಂಚು ಇಳಿಜಾರು ಬೇಕೇ ಬೇಕು. ನಡುವೆ ಪ್ಲಾಸ್ಟಿಕ್ ಹಾಳಿ ಹಾಸಿದ್ರೆ ತೇವ ಕೆಳಗೇ ಸಿಕ್ಕಿ ಜಂತಿ ಕೊಳಿತಾವು.

ಗಾರೆಕೆಲಸ
ಗೋಡೆಗೆ ಸಿಮೆಂಟ್ ಹಚ್ಚಿದ್ರೆ ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗಾಕ ದಾರಿ ಇರೂದಿಲ್ಲ. ಉಪ್ಪು ಒಳಗೇ ಕಟ್ಟಿ ಗಿಲಾವು ಮಣ್ಣಿನ ಸಮೇತ ಕಿತ್ತು ಬೀಳತೈತಿ. ಅದರ ಬದಲು ಸುಣ್ಣದ ಗಾರೆ ಹಚ್ರಿ. ಅರಳಿಸಿದ ಸುಣ್ಣ ಕನಿಷ್ಠ ಮೂರು ವಾರ ನೀರಾಗ ನೆನೆದಿರಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ತೆಳ್ಳಗೆ ಎರಡು ಪದರ. ಒದ್ದೆ ಗೋಣಿಚೀಲ ಇಳಿಬಿಟ್ಟು ವಾರವಾದರೂ ತಂಪಿಡ್ರಿ, ಬಿಸಿಲಿಗೆ ಬೇಗ ಒಣಗಿದ್ರೆ ಪುಡಿಪುಡಿ ಆಗತೈತಿ.

ಮೋಡಿಕಡತ
ಕಂಬದ ಕೆತ್ತನೆ ನೋಡಿ ಕಾಲ ಹೇಳಬ್ಯಾಡ್ರಿ. ಕೆಡವಿದ ಮನೆಯ ಕಂಬ, ಬಾಗಿಲು ತಂದು ಹೊಸ ಮನೆಗೆ ನಿಲ್ಲಿಸೋದು ರೂಢಿ ಇತ್ತು. ಸಿಟಿ ಸರ್ವೇ ಆಗಿದ್ರೆ ಪಿ.ಆರ್. ಕಾರ್ಡ್‌ನಿಂದ (ಆಸ್ತಿಯ ಸರ್ಕಾರಿ ದಾಖಲೆ) ಶುರು ಮಾಡ್ರಿ. ಜಿಲ್ಲಾ ಕೇಂದ್ರ 1885ರಲ್ಲಿ ಕಲಾದಗಿಯಿಂದ ವಿಜಯಪುರಕ್ಕೆ ಹೋತು, ಹಾಗಾಗಿ ಹಳೇ ಕಂದಾಯ ಕಡತ ಅಲ್ಲೂ ಹುಡುಕ್ರಿ. ಪೇಶ್ವೆ ಆಳ್ವಿಕೆ ಮುಗಿದ 1818ಕ್ಕಿಂತ ಹಿಂದಿನ ಕಾಗದ ಮನೆಯಾಗಿದ್ರೆ ಮೋಡಿ ಲಿಪಿಯಾಗ (ಮರಾಠಿ ಬರೆಯೋ ಹಳೇ ಲಿಪಿ) ಇರಬಹುದು. ಅದರ ಇಸವಿ ಆಗಿನ ಆಡಳಿತದ ಕಾಲಗಣನೆಯಾಗ ಇರತೈತಿ; ಫಸಲಿ ಆದ್ರೆ 590, ಶುಹೂರ್ ಆದ್ರೆ 599 ಕೂಡಿಸಿದ್ರೆ ಕ್ರಿ.ಶ. ಸಿಗತೈತಿ. ಯಾವ ತಿಂಗಳು ಅನ್ನೋದರ ಮೇಲೆ ಒಂದು ವರ್ಷ ಹೆಚ್ಚಾಗಬಹುದು. ಮತ್ತೆ, 100 ಮೀಟರ್ ಒಳಗೆ ಕೇಂದ್ರ ಸಂರಕ್ಷಿತ ಸ್ಮಾರಕ ಇದ್ರೆ ರಿಪೇರಿಗೂ ಮೊದಲು ಅನುಮತಿ ಬೇಕು. ಮಣ್ಣು ಇಳಿಸೋಕೆ ಮುಂಚೆ ಪ್ರತಿ ಖೋಲಿಯ ಅಳತೆ ತಗೊಂಡು, ತೊಲೆ-ಜಂತಿಗೆ ನಂಬರ್ ಬರೆದು ಫೋಟೋ ತೆಗೀರಿ. ಬಿಚ್ಚಿದ ಮ್ಯಾಲೆ ಯಾವುದು ಎಲ್ಲಿತ್ತು ಅನ್ನೋದು ಮೇಸ್ತ್ರಿಗೂ ನೆನಪಿರೂದಿಲ್ಲ.