ಪೊಸೆಷನ್ ಗಡುವು ಮುಗಿದಿದೆ, ಓಸಿ ಬಂದಿಲ್ಲ: ರೇರಾಗೆ ಹೋಗುವುದೋ, ಗ್ರಾಹಕ ಆಯೋಗಕ್ಕೋ?

ಪ್ರಶ್ನೆ:
ನಮಸ್ಕಾರ ಮೇಡಂ. ಕನಕಪುರ ರಸ್ತೆ ಕಡೆ 1,240 ಚದರಡಿಯ ಫ್ಲಾಟ್, ಬೆಲೆ 78 ಲಕ್ಷ. 2019ರಲ್ಲಿ ನೋಂದಾಯಿತ ಸೇಲ್ ಅಗ್ರಿಮೆಂಟ್ ಆಗಿದೆ. ಪೊಸೆಷನ್ ದಿನಾಂಕ 31 ಡಿಸೆಂಬರ್ 2022, ಅದರ ಮೇಲೆ ಆರು ತಿಂಗಳು ಗ್ರೇಸ್. ಇದುವರೆಗೆ ಕಟ್ಟಿದ್ದು 62 ಲಕ್ಷ, ಅದರಲ್ಲಿ 45 ಲಕ್ಷ ಬ್ಯಾಂಕ್ ಸಾಲ. ಓಸಿ (ಸ್ಥಳೀಯ ಸಂಸ್ಥೆ ಕೊಡುವ ವಾಸಯೋಗ್ಯ ಪ್ರಮಾಣಪತ್ರ) ಇನ್ನೂ ಬಂದಿಲ್ಲ. ಈಗ ಬಿಲ್ಡರ್ ಕಡೆಯಿಂದ ಪತ್ರ ಬಂದಿದೆ: ‘ಫಿಟ್‌ಔಟ್ ಪೊಸೆಷನ್’ (ಒಳಾಂಗಣ ಕೆಲಸಕ್ಕೆಂದು ಮೊದಲೇ ಕೀಲಿ ಪಡೆಯುವುದು) ತಗೊಳ್ಳಿ, ಬಾಕಿ 16 ಲಕ್ಷ 15 ದಿನದಲ್ಲಿ ಕಟ್ಟಿ, ಇಲ್ಲದಿದ್ದರೆ ಬುಕಿಂಗ್ ರದ್ದು ಅಂತ. ತಡವಾದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಕೊಡುತ್ತೇವೆ ಎಂದು ಅಗ್ರಿಮೆಂಟ್‌ನಲ್ಲಿದೆ. ಗಡುವು ಮುಗಿದು ಎರಡು ವರ್ಷದ ಮೇಲಾಯಿತು. ಈಗ ಕೇಸ್ ಹಾಕಬಹುದಾ? ಎಲ್ಲಿ?

ವಕೀಲರ ಉತ್ತರ:
ಕೇಸಿನ ಮಾತು ಆಮೇಲೆ. ಮೊದಲು ಆ ಪತ್ರಕ್ಕೆ 15 ದಿನದೊಳಗೆ ಲಿಖಿತ ಉತ್ತರ ಹೋಗಲೇಬೇಕು. ಸುಮ್ಮನಿದ್ದರೆ ನಾಳೆ ನಿಮ್ಮನ್ನೇ ಬಾಕಿದಾರರೆಂದು ತೋರಿಸುತ್ತಾರೆ, ಹೆದರಿ 16 ಲಕ್ಷ ಕಟ್ಟಿದರೆ ಕೈಯಲ್ಲಿರುವ ಹಿಡಿತ ಹೋಗುತ್ತದೆ.

ಅಗ್ರಿಮೆಂಟಿನ ಪೇಮೆಂಟ್ ಷೆಡ್ಯೂಲ್ ತೆಗೆದು ಆ 16 ಲಕ್ಷವನ್ನು ಎರಡು ಭಾಗ ಮಾಡಿ. ಕೆಲಸದ ಹಂತಕ್ಕೆ ಸೇರಿದ್ದು (ಗಾರೆ, ನೆಲಹಾಸು, ಲಿಫ್ಟ್) ಎಷ್ಟು, ‘ಪೊಸೆಷನ್ ವೇಳೆ’ ಕೊಡಬೇಕಾದ್ದು ಎಷ್ಟು? ಆ ಹಂತದ ಕೆಲಸ ನಿಜಕ್ಕೂ ಮುಗಿದಿದ್ದರೆ ಆ ಕಂತು ನಿಮ್ಮ ಹೊಣೆಯೇ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಡ ಮಾಡಿದ ಖರೀದಿದಾರರೂ ಬಡ್ಡಿ ಕೊಡಬೇಕು. ಪೊಸೆಷನ್ ಕಂತಿನ ಬಗ್ಗೆ ಮಾತ್ರ ಹೀಗೆ ಬರೆಯಿರಿ: ಓಸಿ ಪ್ರತಿ ಕೊಟ್ಟ ಕೂಡಲೇ ಕಟ್ಟಲು ಸಿದ್ಧ, ವಿಳಂಬದ ಬಡ್ಡಿ ಕೇಳುವ ಹಕ್ಕು ಕಾಯ್ದಿರಿಸಿದ್ದೇನೆ, ರದ್ದತಿಗೆ ಒಪ್ಪಿಗೆ ಇಲ್ಲ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ. 11(5)ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಅಗ್ರಿಮೆಂಟಿನ ಷರತ್ತು ಬಿಟ್ಟು ಏಕಪಕ್ಷೀಯವಾಗಿ ರದ್ದು ಮಾಡುವಂತಿಲ್ಲ.

‘ಫಿಟ್‌ಔಟ್ ಪೊಸೆಷನ್’ ಎಂಬುದಕ್ಕೆ ರೇರಾ ಕಾಯ್ದೆಯಲ್ಲಿ ಜಾಗವೇ ಇಲ್ಲ. ಓಸಿ ಇಲ್ಲದ ಕೀಲಿಕೈ ಪೊಸೆಷನ್ ಅಲ್ಲ. ಅದರ ಜೊತೆ ಸಹಿಗೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ ‘ಯಾವುದೇ ಕ್ಲೇಮ್ ಇಲ್ಲ’ ಎಂಬ ಸಾಲಿರುತ್ತದೆ, ಆ ದಿನದಿಂದಲೇ ಮೇಂಟೆನೆನ್ಸ್ ಶುಲ್ಕವೂ ಶುರುವಾಗುತ್ತದೆ. ಸಹಿ ಹಾಕಬೇಡಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ನಿರ್ದೇಶನದ ನಂತರ ಓಸಿ ಇಲ್ಲದ ಕಟ್ಟಡಕ್ಕೆ ಕಾಯಂ ವಿದ್ಯುತ್, ನೀರಿನ ಸಂಪರ್ಕವೂ ಕಷ್ಟ. ಓಸಿ ಬಂದಿದೆ ಎಂದು ಹೇಳಿದರೂ ನಂಬಬೇಡಿ, ಪ್ರತಿ ಕೇಳಿ ಓದಿ. ಭಾಗಶಃ ಓಸಿಯಾದರೆ ನಿಮ್ಮ ಟವರ್, ನಿಮ್ಮ ಮಹಡಿ ಅದರಲ್ಲಿ ಇದೆಯೇ ನೋಡಿ. ಕೊಡದಿದ್ದರೆ ನಕ್ಷೆ ಮಂಜೂರು ಮಾಡಿದ ಸಂಸ್ಥೆಗೆ (ಬಿಡಿಎ, ಇಲ್ಲವೇ ಹಿಂದಿನ ಬಿಬಿಎಂಪಿ ಜಾಗದಲ್ಲಿ ಈಗಿರುವ ನಗರ ಪಾಲಿಕೆ) ಆರ್‌ಟಿಐ ಅರ್ಜಿ ಹಾಕಿ.

ಕಾಲಮಿತಿ ಬಗ್ಗೆ ಗಾಬರಿ ಬೇಡ. ಗ್ರಾಹಕ ಕಾಯ್ದೆಯ 69ನೇ ಸೆಕ್ಷನ್ ಎರಡು ವರ್ಷ ಎನ್ನುವುದು ನಿಜ. ಆದರೆ ಪೊಸೆಷನ್ ಕೊಡದಿರುವಷ್ಟು ಕಾಲ ವ್ಯಾಜ್ಯದ ಕಾರಣ ದಿನವೂ ಮುಂದುವರಿಯುತ್ತದೆ ಎಂಬುದು ಸ್ಥಾಪಿತ ನಿಲುವು. ಓಸಿ ಪಡೆಯದಿರುವುದನ್ನೂ ಸುಪ್ರೀಂ ಕೋರ್ಟಿನ 2022ರ ಜನವರಿಯ ಸಮೃದ್ಧಿ ಹೌಸಿಂಗ್ ಸೊಸೈಟಿ ತೀರ್ಪು ಮುಂದುವರಿಯುವ ತಪ್ಪು ಎಂದೇ ಹೇಳಿದೆ. ದೂರಿನಲ್ಲಿ ಇದಕ್ಕೆ ಪ್ರತ್ಯೇಕ ಪ್ಯಾರಾ ಇರಲಿ.

ಇನ್ನು ಎಲ್ಲಿಗೆ ಹೋಗಬೇಕು ಎಂಬುದು. ಅದಕ್ಕೂ ಮೊದಲು ಮನೆಯಲ್ಲಿ ಕೂತು ಒಂದು ತೀರ್ಮಾನ ಮಾಡಿ: ಫ್ಲಾಟ್ ಬೇಕಾ, ದುಡ್ಡು ವಾಪಸ್ ಬೇಕಾ? ‘ಫ್ಲಾಟ್ ಕೊಡಿಸಿ, ಇಲ್ಲದಿದ್ದರೆ ದುಡ್ಡು ಕೊಡಿಸಿ’ ಎಂದು ಅಸ್ಪಷ್ಟವಾಗಿ ಬರೆದ ದೂರುಗಳೇ ಹೆಚ್ಚು ಎಳೆದಾಡುತ್ತವೆ. ಯಾವ ಬಾಗಿಲು, ಯಾವ ದಾಖಲೆ, ಯಾವ ಲೆಕ್ಕ ಎಲ್ಲವೂ ಈ ಉತ್ತರದ ಮೇಲೆ ನಿಂತಿದೆ.

ಪ್ರಶ್ನೆ ಕೇಳಿದವರು:
ಫ್ಲಾಟೇ ಬೇಕು ಮೇಡಂ, ಈ ಬೆಲೆಗೆ ಈಗ ಆ ಕಡೆ ಸಿಗಲ್ಲ. ಆದರೆ ಕೆಲಸ ನಿಂತೇಬಿಟ್ಟರೆ ಎಂಬ ಭಯವೂ ಇದೆ.

ವಕೀಲರ ಉತ್ತರ:
ಹಾಗಾದರೆ ನನ್ನ ಆಯ್ಕೆ ರೇರಾ. 18ನೇ ಸೆಕ್ಷನ್ ಪ್ರಕಾರ ಯೋಜನೆಯಲ್ಲೇ ಉಳಿಯುವವರಿಗೆ ಪೊಸೆಷನ್ ಕೊಡುವವರೆಗೆ ಪ್ರತಿ ತಿಂಗಳ ವಿಳಂಬಕ್ಕೂ ಬಡ್ಡಿ ಸಿಗಬೇಕು. ಕರ್ನಾಟಕ ರೇರಾ ನಿಯಮ 2017ರಂತೆ ದರ ಎಂದರೆ ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲಕ್ಕೆ ಬ್ಯಾಂಕ್ ನಿಗದಿ ಮಾಡುವ ಮೂಲ ಬಡ್ಡಿದರ), ಅದರ ಮೇಲೆ ಶೇ 2. ಲೆಕ್ಕಕ್ಕೆ ಶೇ 11 ಎಂದು ಇಟ್ಟುಕೊಂಡರೆ 62 ಲಕ್ಷಕ್ಕೆ ತಿಂಗಳಿಗೆ ಸುಮಾರು 56,800 ರೂಪಾಯಿ. ನಿಮ್ಮ ಅಗ್ರಿಮೆಂಟಿನ 5 ರೂಪಾಯಿ ಲೆಕ್ಕದಲ್ಲಿ ಬರುವುದು 6,200. ಬಿಲ್ಡರ್ ಯಾಕೆ ಆ ಷರತ್ತನ್ನೇ ಹಿಡಿದು ವಾದಿಸುತ್ತಾರೆ ಎಂದು ಇದರಲ್ಲೇ ಗೊತ್ತಾಗುತ್ತದೆ.

ಬಡ್ಡಿ ಎಣಿಕೆ ಎಲ್ಲಿಂದ ಎಂಬುದರಲ್ಲಿ ಎಚ್ಚರ. ಗ್ರೇಸ್ ಬಿಟ್ಟು 1 ಜುಲೈ 2023ರಿಂದ ಲೆಕ್ಕ ಹಾಕಿ. ರೇರಾ ನೋಂದಣಿಯ ಅವಧಿ ವಿಸ್ತರಣೆಯಾಗಿದೆ, ಆದ್ದರಿಂದ ಗಡುವೂ ಮುಂದೆ ಹೋಯಿತು ಎಂಬ ವಾದ ಬಂದೇ ಬರುತ್ತದೆ. ನೋಂದಣಿಯ ವಿಸ್ತರಣೆ ನಿಮ್ಮ ಅಗ್ರಿಮೆಂಟಿನ ದಿನಾಂಕವನ್ನು ತಿದ್ದುವುದಿಲ್ಲ ಎಂದು 2017ರಲ್ಲೇ ಬಾಂಬೆ ಹೈಕೋರ್ಟ್ ನೀಲಕಮಲ್ ರಿಯಲ್ಟರ್ಸ್ ಪ್ರಕರಣದಲ್ಲಿ ಹೇಳಿದೆ. ಅಗ್ರಿಮೆಂಟಿನಲ್ಲಿ ದಿನಾಂಕದ ಬದಲು ‘ಕಾಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಸಿಕ್ಕ 36 ತಿಂಗಳಿಗೆ’ ಎಂದಿರುವವರು ಆ ಸರ್ಟಿಫಿಕೇಟಿನ (ಕಟ್ಟಡ ಕೆಲಸ ಶುರು ಮಾಡಲು ಸಿಗುವ ಅನುಮತಿ) ಪ್ರತಿಯನ್ನೂ ಲಗತ್ತಿಸಬೇಕು. ಅದಿಲ್ಲದೆ ಎಣಿಕೆಯೇ ಶುರುವಾಗುವುದಿಲ್ಲ.

ಕೆಲಸ ನಿಂತು ಹಣವೇ ಬೇಕಾಯಿತು ಎಂದರೂ 18ನೇ ಸೆಕ್ಷನ್ ಇದೆ. ನ್ಯೂಟೆಕ್ ಪ್ರಮೋಟರ್ಸ್ ತೀರ್ಪಿನಲ್ಲಿ (11 ನವೆಂಬರ್ 2021) ಸುಪ್ರೀಂ ಕೋರ್ಟ್ ಗಡುವು ತಪ್ಪಿದ ಮೇಲೆ ಮರುಪಾವತಿ ಕೇಳುವುದು ಷರತ್ತಿಲ್ಲದ ಹಕ್ಕು ಎಂದಿದೆ. ಅದೇ ತೀರ್ಪಿನಂತೆ ಮರುಪಾವತಿ ಮತ್ತು ಬಡ್ಡಿ ರೇರಾ ಪ್ರಾಧಿಕಾರದ ಮುಂದೆ. ಬಾಡಿಗೆ ನಷ್ಟ, ಮಾನಸಿಕ ಯಾತನೆಯಂಥ ಪರಿಹಾರ ರೇರಾದ ನ್ಯಾಯನಿರ್ಣಯ ಅಧಿಕಾರಿಯ ಮುಂದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಒಂದು ಭಾಗ ಅಲ್ಲೇ ಉಳಿದುಬಿಡುತ್ತದೆ.

ಗ್ರಾಹಕ ಆಯೋಗದ ದಾರಿಯೂ ಮುಚ್ಚಿಲ್ಲ. ರೇರಾ ಇದೆ ಎಂದು ಗ್ರಾಹಕ ದೂರು ತಳ್ಳುವಂತಿಲ್ಲ ಎಂದು ಇಂಪೀರಿಯಾ ಸ್ಟ್ರಕ್ಚರ್ಸ್ ತೀರ್ಪು (2020) ಸ್ಪಷ್ಟಪಡಿಸಿದೆ. ಅಗ್ರಿಮೆಂಟಿನ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಷರತ್ತೂ ಅಡ್ಡಿಯಲ್ಲ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಹೋಗುವಂತಿಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಮೇಲ್ಪಟ್ಟಿದ್ದು ರಾಷ್ಟ್ರೀಯ ಆಯೋಗ. 2019ರ ಕಾಯ್ದೆಯಡಿ ಎಣಿಸುವುದು ನೀವು ಕೊಟ್ಟ ಹಣವನ್ನು, ಕೇಳುವ ಪರಿಹಾರವನ್ನಲ್ಲ. 62 ಲಕ್ಷ ಕಟ್ಟಿರುವುದರಿಂದ ನಿಮ್ಮದು ಬಸವ ಭವನದಲ್ಲಿರುವ ರಾಜ್ಯ ಆಯೋಗಕ್ಕೆ, ಶುಲ್ಕ 2,000 ರೂಪಾಯಿ.

ಬೆಂಗಳೂರಿನವರು ತಿಳಿದಿರಬೇಕಾದ ತೀರ್ಪು ಬೇಗೂರಿನ ಡಿಎಲ್‌ಎಫ್ ಸದರ್ನ್ ಹೋಮ್ಸ್ ಪ್ರಕರಣದ್ದು (24 ಆಗಸ್ಟ್ 2020). ಅಲ್ಲೂ ಇದೇ ಚದರಡಿಗೆ 5 ರೂಪಾಯಿಯ ಷರತ್ತು. ಅದು ಸಾಲದೆಂದು ಸುಪ್ರೀಂ ಕೋರ್ಟ್ ಅದರ ಜೊತೆಗೆ ಕಟ್ಟಿದ ಹಣಕ್ಕೆ ವರ್ಷಕ್ಕೆ ಶೇ 6 ಸರಳ ಬಡ್ಡಿ ಕೊಡಿಸಿತು. ಪೊಸೆಷನ್ ತಗೊಂಡು ಸೇಲ್ ಡೀಡ್ ಮಾಡಿಸಿಕೊಂಡ ಮಾತ್ರಕ್ಕೆ ವಿಳಂಬದ ಪರಿಹಾರ ಕೇಳುವ ಹಕ್ಕು ಹೋಗದು ಎಂದೂ ಹೇಳಿತು. ಓಸಿ ಬಂದ ಮೇಲೆ ಡೀಡ್ ಮಾಡಿಸಿಕೊಳ್ಳಲು ಇದೊಂದು ಧೈರ್ಯ.

ಹಣ ವಾಪಸ್ ಬೇಕೆನ್ನುವವರಿಗೆ ಎಚ್ಚರಿಕೆ: ಓಸಿ ಬಂದು ಪೊಸೆಷನ್ ಆಫರ್ ಆದ ಮೇಲೆ ಗ್ರಾಹಕ ಆಯೋಗದಲ್ಲಿ ಮರುಪಾವತಿ ಕಷ್ಟ. ಸುಪ್ರೀಂ ಕೋರ್ಟಿನ 2021ರ ಜನವರಿಯ ಇರಿಯೋ ಗ್ರೇಸ್ ತೀರ್ಪಿನಲ್ಲಿ ಓಸಿ ಬಂದಿದ್ದ ಟವರ್‌ಗಳವರಿಗೆ ಪರಿಹಾರದ ಜೊತೆ ಫ್ಲಾಟ್ ತಗೊಳ್ಳಿ ಎಂದರು, ಬಾರದವರಿಗೆ ಹಣ ವಾಪಸ್ ಕೊಡಿಸಿದರು. ಆ ಮನಸ್ಸಿದ್ದರೆ ಓಸಿಗೆ ಮುಂಚೆಯೇ ದೂರು ದಾಖಲಾಗಿರಬೇಕು.

ಇನ್ನೊಬ್ಬ ಸದಸ್ಯರು:
ಇಎಂಐ ನಿಲ್ಲಿಸಿ ಒತ್ತಡ ಹಾಕಬಹುದಾ?

ಗೃಹಸಾಲ ವಿಭಾಗದ ಸದಸ್ಯರ ಉತ್ತರ:
ಬೇಡ ಸರ್. ಸಾಲದ ಕರಾರು ನಿಮ್ಮ ಮತ್ತು ಬ್ಯಾಂಕ್ ನಡುವಿನದು. ಬಿಲ್ಡರ್ ತಪ್ಪಿದರೂ ನಿಮ್ಮ ಕಂತು ತಪ್ಪಿದರೆ ಸಿಬಿಲ್ ಕೆಡುತ್ತದೆ, 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ. ನೀವು ಮಾಡಬಹುದಾದ್ದು, ಬಿಲ್ಡರ್‌ಗೆ ಮುಂದಿನ ಕಂತು ಬಿಡುಗಡೆ ಮಾಡಬೇಡಿ ಎಂದು ಶಾಖೆಗೆ ಲಿಖಿತವಾಗಿ ಕೊಡುವುದು. ಮರುಪಾವತಿ ಕೇಳುವವರು ಬ್ಯಾಂಕನ್ನೂ ಪ್ರತಿವಾದಿ ಮಾಡಿ, ಸಾಲದ ಬಾಕಿ ಮೊದಲು ಚುಕ್ತಾ ಆಗಿ ಉಳಿದದ್ದು ನಿಮಗೆ ಬರಬೇಕೆಂದು ಕೋರಿ. ಆದೇಶದಲ್ಲಿ ಇದು ಇಲ್ಲದಿದ್ದರೆ ಹಣ ಬಂದ ಮೇಲೂ ತಕರಾರು ಮುಗಿಯುವುದಿಲ್ಲ.

ಇನ್ನೊಬ್ಬ ಸದಸ್ಯರು:
ನಾವು 22 ಜನ ಸೇರಿ ಒಂದೇ ಕೇಸ್ ಹಾಕಿದರೆ ಖರ್ಚು ಕಡಿಮೆಯಲ್ಲವೇ?

ವಕೀಲರ ಉತ್ತರ:
ರೇರಾದಲ್ಲಿ ಖರೀದಿದಾರರ ಸಂಘವೂ ದೂರು ಕೊಡಬಹುದು. ಓಸಿ, ಸೌಕರ್ಯ, ಸಾಮಾನ್ಯ ಜಾಗದ ವಿಷಯಕ್ಕೆ ಅದು ಸರಿ. ಬಡ್ಡಿಯ ವಿಷಯಕ್ಕೆ ಬೇರೆ ಬೇರೆಯೇ ಹಾಕಿ, ಏಕೆಂದರೆ ಒಬ್ಬೊಬ್ಬರ ಗಡುವು, ಕಟ್ಟಿದ ಹಣ ಬೇರೆ. ಗ್ರಾಹಕ ಆಯೋಗದಲ್ಲಿ ಎಲ್ಲ ಖರೀದಿದಾರರ ಪರವಾಗಿ 35(1)(ಸಿ) ಅಡಿ ಹೋಗಬೇಕಾದರೆ ಹಿತಾಸಕ್ತಿ ಒಂದೇ ಎಂದು ದೂರಿನಲ್ಲೇ ವಿವರಿಸಿ ಅನುಮತಿ ಪಡೆಯಬೇಕು. ಇಲ್ಲಿಯದೇ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ (17 ಡಿಸೆಂಬರ್ 2021) 51 ಫ್ಲಾಟ್‌ಗಳ 91 ಖರೀದಿದಾರರು ಹಾಗೆ ಹೋಗಿದ್ದರು. 1,134 ಫ್ಲಾಟ್‌ಗಳ ಯೋಜನೆಯಲ್ಲಿ ಎಲ್ಲರ ಹಿತಾಸಕ್ತಿ ಒಂದೇ ಎಂಬುದಕ್ಕೆ ದೂರಿನಲ್ಲಿ ಸಾಕಷ್ಟು ವಿವರವಿಲ್ಲವೆಂದು ಸುಪ್ರೀಂ ಕೋರ್ಟ್ ಅದನ್ನು ಅವರಷ್ಟೇ ಜನರ ಜಂಟಿ ದೂರಾಗಿ ಉಳಿಸಿತು.

ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ಬಹಳಷ್ಟು ಯೋಜನೆಗಳು ಜಂಟಿ ಅಭಿವೃದ್ಧಿ ಕರಾರಿನ (ಜಮೀನು ಒಬ್ಬರದು, ಕಟ್ಟುವವರು ಇನ್ನೊಬ್ಬರು) ಮೇಲೆ ಎದ್ದವು. ಜಮೀನಿನ ಮಾಲೀಕರನ್ನೂ ಪ್ರತಿವಾದಿ ಮಾಡಿ. ಬಿಲ್ಡರ್ ಕಂಪನಿಯ ಹೆಸರಲ್ಲಿ ಏನೂ ಉಳಿದಿಲ್ಲ ಎಂದಾಗ ಇದರ ಬೆಲೆ ತಿಳಿಯುತ್ತದೆ.

ಇನ್ನೊಬ್ಬ ಸದಸ್ಯರು:
ರೇರಾ ಆದೇಶ ಆಗಿದೆ, ಆದರೆ ಒಂದು ರೂಪಾಯಿಯೂ ಬಂದಿಲ್ಲ. ಮುಂದೇನು?

ವಕೀಲರ ಉತ್ತರ:
ರೇರಾದ ದುರ್ಬಲ ಜಾಗವೇ ಇದು. ಆದೇಶದ ಅವಧಿ ಮುಗಿದ ಮೇಲೆ ಅಮಲ್ಜಾರಿ ಅರ್ಜಿ ಹಾಕಬೇಕು. 40(1)ನೇ ಸೆಕ್ಷನ್ ಅಡಿ ವಸೂಲಾತಿ ಪ್ರಮಾಣಪತ್ರ, ಅಂದರೆ ಆರ್‌ಆರ್‌ಸಿ, ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ. ಭೂಕಂದಾಯ ಬಾಕಿಯಂತೆ ವಸೂಲಿ ಮಾಡುವುದು ಅವರ ಕೆಲಸ. ಆದರೆ ಬಿಲ್ಡರ್ ಆಸ್ತಿ ಎಲ್ಲಿದೆ ಎಂದು ಅವರು ಹುಡುಕಿಕೊಂಡು ಹೋಗಲಿ ಎಂದು ಕಾದರೆ ಕಡತ ಕದಲುವುದಿಲ್ಲ. ಪಟ್ಟಿ ನೀವೇ ಕೊಡಿ: ರೇರಾ ಜಾಲತಾಣದ ತ್ರೈಮಾಸಿಕ ವರದಿಯಿಂದ ಮಾರಾಟವಾಗದ ಫ್ಲಾಟ್‌ಗಳ ಸಂಖ್ಯೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಆ ಸರ್ವೆ ನಂಬರಿನ ಇಸಿ (ಋಣಭಾರ ಪ್ರಮಾಣಪತ್ರ), ಕಂಪನಿ ದಾಖಲೆಯಲ್ಲಿರುವ ಅಡಮಾನದ ವಿವರ, ಬ್ಯಾಂಕ್ ಖಾತೆ ಸಂಖ್ಯೆ (ನೀವು ಹಣ ಕಳಿಸಿದ ಖಾತೆಯೇ ಸಾಕು). ಬ್ಯಾಂಕಿಗೆ ಅಡವಿಲ್ಲದ ಫ್ಲಾಟ್ ಸಿಕ್ಕರೆ ಅದನ್ನೇ ಮೊದಲು ತೋರಿಸಿ.

ಬಿಲ್ಡರ್ ಮೇಲ್ಮನವಿ ಹಾಕಿದ್ದಾರೆಯೇ ನೋಡಿ. 43(5)ರ ಪ್ರಕಾರ ಖರೀದಿದಾರರಿಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿಸಹಿತ ಠೇವಣಿ ಇಡದೆ ರೇರಾ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಕೇಳುವಂತಿಲ್ಲ. ಗ್ರಾಹಕ ಆಯೋಗದಲ್ಲಿ ಮೇಲ್ಮನವಿಗೆ ಅರ್ಧ ಠೇವಣಿ ಸಾಕು, ಆದರೆ ಅಲ್ಲಿ 72ನೇ ಸೆಕ್ಷನ್ ಇದೆ: ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ನಿರ್ದೇಶಕರ ಹೆಸರಿಗೆ ವಾರಂಟ್ ಹೋದಾಗ ಚೆಕ್ ಬೇಗ ಬರುತ್ತದೆ. ಮರುಪಾವತಿ ಬಯಸುವ ಕೆಲವರಿಗೆ ನಾನು ಗ್ರಾಹಕ ಆಯೋಗ ಹೇಳುವುದು ಇದಕ್ಕೇ.

ಕಂಪನಿ ಎನ್‌ಸಿಎಲ್‌ಟಿಗೆ (ಕಂಪನಿ ಕಾನೂನು ನ್ಯಾಯಮಂಡಳಿ) ಹೋಗಿ ದಿವಾಳಿ ಪ್ರಕ್ರಿಯೆ ಶುರುವಾದರೆ ವಸೂಲಿಗೆ ತಡೆ ಬೀಳುತ್ತದೆ. ಆಗ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ಫಾರ್ಮ್ ಸಿಎ ತುಂಬಿ ಕ್ಲೇಮ್ ಸಲ್ಲಿಸಲೇಬೇಕು. ರೇರಾ ಆದೇಶ ಕೈಯಲ್ಲಿದ್ದರೂ ನೀವು ಹಣಕಾಸು ಸಾಲಿಗರೇ (ಬ್ಯಾಂಕಿನಂತೆ ಸಾಲ ಕೊಟ್ಟವರ ದರ್ಜೆ) ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೆಳಗಿನ ದರ್ಜೆಗೆ ಇಳಿಸಿದರೆ ಆಕ್ಷೇಪಿಸಿ.

ಪ್ರಶ್ನೆ ಕೇಳಿದವರು:
ವಕೀಲರಿಲ್ಲದೆ ನಾನೇ ರೇರಾದಲ್ಲಿ ದೂರು ಹಾಕಬಹುದಾ? ಏನೇನು ಬೇಕು?

ವಕೀಲರ ಉತ್ತರ:
ಖಂಡಿತ ಹಾಕಬಹುದು. ಕರ್ನಾಟಕ ರೇರಾ ಜಾಲತಾಣದಲ್ಲೇ ಸಲ್ಲಿಕೆ, ಕಚೇರಿ ಮಿಷನ್ ರಸ್ತೆಯ ಸಿಎಸ್‌ಐ ಕಾಂಪೌಂಡ್‌ನಲ್ಲಿದೆ. ಸೇಲ್ ಅಗ್ರಿಮೆಂಟ್, ನಿರ್ಮಾಣ ಕರಾರು ಬೇರೆ ಇದ್ದರೆ ಅದೂ, ಎಲ್ಲ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲ ಮಂಜೂರಾತಿ ಪತ್ರ, ಇಮೇಲ್‌ಗಳು, ಯೋಜನೆಯ ರೇರಾ ಪುಟದ ಮುದ್ರಿತ ಪ್ರತಿ ಬೇಕು. ಆ ಪುಟವನ್ನು ಇವತ್ತೇ ಉಳಿಸಿಕೊಳ್ಳಿ, ಮುಗಿಯುವ ದಿನಾಂಕ ಬದಲಾಗುತ್ತಿರುತ್ತದೆ. ಇಮೇಲ್, ವಾಟ್ಸಾಪ್ ಪ್ರತಿಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಸೇರಿಸಿ.

ಎಲ್ಲಕ್ಕಿಂತ ಮುಖ್ಯ ಲೆಕ್ಕದ ಪತ್ರ. ದಿನಾಂಕ, ಮೊತ್ತ, ಚೆಕ್ ಅಥವಾ ಯುಟಿಆರ್ (ಬ್ಯಾಂಕ್ ವರ್ಗಾವಣೆಯ) ಸಂಖ್ಯೆ, ರಸೀದಿ ಸಂಖ್ಯೆ, ಆ ಮೊತ್ತಕ್ಕೆ ಬಡ್ಡಿ ಶುರುವಾದ ದಿನ, ಎಷ್ಟು ದಿನ, ದರ, ಬಡ್ಡಿ: ಒಂದು ಪಾವತಿಗೆ ಒಂದು ಸಾಲು. ಗಡುವಿಗೆ ಮುಂಚೆ ಕಟ್ಟಿದ್ದಕ್ಕೆಲ್ಲ 1 ಜುಲೈ 2023ರಿಂದ ಎಣಿಕೆ, ಆಮೇಲೆ ಕಟ್ಟಿದ್ದಕ್ಕೆ ಕಟ್ಟಿದ ದಿನದಿಂದ. ಜಿಎಸ್‌ಟಿಯನ್ನು ಬೇರೆ ಕಾಲಂನಲ್ಲಿ ತೋರಿಸಿ. ಇದನ್ನು ಸಿದ್ಧಮಾಡಿ ಇಲ್ಲಿ ಹಾಕಿ, ಹೆಸರು ಮತ್ತು ಫ್ಲಾಟ್ ನಂಬರ್ ಅಳಿಸಿ. ನೋಡಿ ಹೇಳುತ್ತೇನೆ.